ಹನ್ನೊಂದು ಮೂಟೆಯ ಬಾಡಿಗೆ

ಕಿಕ್ಕೇರಿಯ ಕೆಂಪಣ್ಣನ ಲಾರಿಗೆ ನಾನು ಇಪ್ಪತ್ತು ವರ್ಷ ಮೂಟೆ ಹೊತ್ತವನು. ಲಾರಿಯ ಇನ್ಶೂರೆನ್ಸ್ ಕಾಗದ ಸ್ಟೇರಿಂಗಿನ ಮೇಲಿನ ದೇವರ ಪಟದ ಹಿಂದೆ ಇರುತ್ತಿತ್ತು. ಪೊಲೀಸರು ಕೇಳಿದರೆ ತೋರಿಸುವುದಕ್ಕೆ ಅಂತ ಮಾತ್ರ ನಾವಿಬ್ಬರೂ ತಿಳಿದಿದ್ದೆವು. ಅದರೊಳಗೆ ಯಾರಿಗೆ ಜಾಗ ಇದೆ, ಯಾರಿಗೆ ಇಲ್ಲ ಅನ್ನುವುದು ಗೊತ್ತಾಗಲು ಪುಟ್ಟಗೌರಮ್ಮನ ಕಾಲು ಮುರಿಯಬೇಕಾಯಿತು.

ತೊಂಬತ್ತಾರನೆಯ ಇಸವಿ, ಕಾರ್ತಿಕ ಮಾಸ. ಅವಳು ತನ್ನ ತೋಟದ ಹನ್ನೊಂದು ಮೂಟೆ ತೆಂಗಿನಕಾಯಿ ಹಾಕಿಕೊಂಡು ಮೈಸೂರು ಮಂಡಿಗೆ ಹೊರಟಿದ್ದಳು. ಗಂಡ ನಂಜಪ್ಪ ತೀರಿಕೊಂಡ ಮೇಲೆ ವ್ಯಾಪಾರವೆಲ್ಲ ಅವಳದೇ. ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಕೂತಿದ್ದಳು. ಚಿನಕುರಳಿ ದಾಟಿದ ತಿರುವಿನಲ್ಲಿ ಕಲ್ಲಿನ ಲಾರಿಯೊಂದು ಮೈಮೇಲೇ ಬಂತು. ಕೆಂಪಣ್ಣ ಪಕ್ಕಕ್ಕೆ ಎಳೆದ. ಎಡಗಡೆ ಚಕ್ರ ಮಣ್ಣಿಗಿಳಿದು ನಮ್ಮ ಲಾರಿ ಮಗುಚಿತು. ಕಲ್ಲಿನ ಲಾರಿ ನಿಲ್ಲಲೇ ಇಲ್ಲ. ನಮಗಿಬ್ಬರಿಗೆ ತರಚಿದ ಗಾಯ. ಅವಳ ತೊಡೆಮೂಳೆ ಎರಡು ಕಡೆ ಮುರಿದಿತ್ತು.

ಪೊಲೀಸಿನವರು ಕೇಳಿದ್ದು ಒಂದೇ, ಈ ಹೆಂಗಸಿನಿಂದ ಎಷ್ಟು ಚಾರ್ಜು ತಗೊಂಡೆ ಅಂತ. ಏನೂ ಇಲ್ಲ, ನಮ್ಮೂರ ಹೆಣ್ಣುಮಗಳು, ಸುಮ್ಮನೆ ಕೂರಿಸಿಕೊಂಡು ಬಂದೆ ಎಂದ ಕೆಂಪಣ್ಣ. ಹಾಗೇ ಬರೆದುಕೊಂಡರು. ಮೂಟೆ ಯಾರದು ಅಂತ ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ನಂಜಪ್ಪ ಇವನ ಜೊತೆಗಾರ. ಅವನ ಹೆಂಡತಿಯ ಕಾಸು ಮುಟ್ಟುವುದಿಲ್ಲ ಅಂತ ಕೆಂಪಣ್ಣ ಊರಲ್ಲೆಲ್ಲ ಹೇಳಿಕೊಂಡಿದ್ದ. ಆದರೆ ಪ್ರತಿ ಸಲವೂ ಮೂಟೆಗೆ ಇಷ್ಟು ಅಂತ ಬಾಡಿಗೆ ಇಸಿದುಕೊಳ್ಳುತ್ತಿದ್ದ. ಇಸಿದುಕೊಂಡದ್ದು ತಪ್ಪಲ್ಲ, ಡೀಸೆಲ್ಲು ಯಾರೂ ಪುಕ್ಕಟೆ ಕೊಡುವುದಿಲ್ಲ. ಹೇಳಿಕೊಂಡು ತಿರುಗಿದ್ದು ತಪ್ಪು.

ಎರಡು ಸಲ ರಾಡು ಹಾಕಿದರೂ ಮೂಳೆ ಕೂಡಲಿಲ್ಲ. ಇನ್ನೊಂದು ಆಪರೇಷನ್ ಆಗದಿದ್ದರೆ ಮಂಚವೇ ಗತಿ ಎಂದರು ಡಾಕ್ಟರು. ಅದಕ್ಕೆ ಪರಿಹಾರದ ಹಣವೇ ಆಗಬೇಕು. ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು, ಇನ್ಶೂರೆನ್ಸ್ ಕಂಪನಿಯವರು ಒಪ್ಪಿರಲಿಲ್ಲ.

ಅವಳ ವಕೀಲರು ನಾಗಮಂಗಲದ ದೇವರಾಜು. ನನ್ನನ್ನೂ ಕೆಂಪಣ್ಣನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಸರಕು ಲಾರಿಯ ಪಾಲಿಸಿ ಬಸ್ಸಿನದರಂತೆ ಅಲ್ಲ. ಸುಮ್ಮನೆ ಹತ್ತಿದವರಿಗೆ ಅದರಲ್ಲಿ ಜಾಗವಿಲ್ಲ. ತನ್ನ ಸರಕಿನ ಜೊತೆ ಬಂದವರಿಗೆ ಉಂಟು, ತೊಂಬತ್ನಾಲ್ಕರಲ್ಲಿ ಕಾನೂನು ಹಾಗೆ ತಿದ್ದಿದ್ದಾರೆ. ಇವಳು ಸುಮ್ಮನೆ ಬಂದವಳು ಅಂತ ಪೊಲೀಸರ ಹತ್ತಿರ ಬರೆಸಿದ್ದೀರಲ್ಲ ಎಂದರು.

ಹನ್ನೊಂದು ಮೂಟೆ ಅವಳದೇ, ನಾನೇ ಹೊತ್ತು ಹಾಕಿದ್ದು ಎಂದೆ. ವಕೀಲರು ನನ್ನನ್ನೇ ನೋಡಿದರು. ಪುಟ್ಟಗೌರಮ್ಮ ಅವರಿಗೂ ಆ ಮಾತು ಹೇಳಿರಲಿಲ್ಲ. ಮೂಟೆಯ ಮಾತು ಬಂದರೆ ಬಾಡಿಗೆಯ ಮಾತೂ ಬರುತ್ತದೆ, ಅಣ್ಣನಂಥವನ ಮರ್ಯಾದೆ ಹೋಗುತ್ತದೆ ಅಂತ ಬಾಯಿ ಮುಚ್ಚಿಕೊಂಡಿದ್ದಳು. ಕೂಲಿಯವನ ಮಾತೊಂದೇ ಸಾಲದು, ಬಾಡಿಗೆ ತಗೊಂಡೆ ಅಂತ ಲಾರಿ ಮಾಲೀಕನೇ ಹೇಳಬೇಕು ಎಂದರು ವಕೀಲರು.

ವಾಪಸ್ಸು ಬರುವಾಗ ಬಸ್ಸು ಕೃಷ್ಣರಾಜಪೇಟೆ ದಾಟಿತು. ಆಗ ಕೆಂಪಣ್ಣ ನನ್ನನ್ನು ಕೇಳಿದ:

"ಮರಿಯಣ್ಣ, ಊರೋರ್ ಮುಂದೆ ನನ್ ಮಕ ಏನಾದಾತು?"

"ಮಕ ಅಂಗೇ ಇರ್ತದೆ ಕಣ್ಲಾ. ಅವ್ಳ್ ಕಾಲು ಇರಾಕಿಲ್ಲ."

ಕೇಸಿನ ದಿನ ಊರಿನ ಏಳೆಂಟು ಜನ ಬಂದು ಹಿಂದೆ ನಿಂತಿದ್ದರು. ಕಂಪನಿಯ ವಕೀಲರು ಕೆಂಪಣ್ಣನನ್ನು ಬಿಡಲಿಲ್ಲ. ಅವತ್ತು ಪೊಲೀಸರ ಮುಂದೆ ಒಂದು, ಇವತ್ತು ಇಲ್ಲೊಂದು, ಇದರಲ್ಲಿ ಸುಳ್ಳು ಯಾವುದು ಎಂದರು.

"ಮೊದ್ಲುದ್ದೇ ಸುಳ್ಳು ಸ್ವಾಮಿ," ಎಂದ ಕೆಂಪಣ್ಣ. "ದೊಡ್ಡೋನು ಅನ್ನುಸ್ಕಳಾಕೆ ಅಂಗಂದೆ. ಬಾಡ್ಗೆ ತಕ್ಕಂಡಿವ್ನಿ. ಅವತ್ತೊಂದಿನ ಅಲ್ಲ, ಎಲ್ಲಾ ಸಲ್ವೂ."

ಹೊರಗೆ ಬೆಂಚಿನ ಮೇಲೆ ಕಾಲು ನೀಡಿಕೊಂಡು ಕೂತು ಎಲ್ಲ ಕೇಳಿಸಿಕೊಂಡಿದ್ದ ಪುಟ್ಟಗೌರಮ್ಮನಿಗೆ ಸಿಟ್ಟು ಬಂದಿತ್ತು. "ಅಷ್ಟ್ ಜನದ್ ಮುಂದೆ ಯಾಕಣ್ಣ ಏಳ್ದೆ? ನಾನೇನ್ ಕೇಳಿದ್ನಾ?"

"ಕೇಳ್ಬೇಕಾಗಿತ್ತು ಕಣವ್ವ," ಎಂದು ಅವನು ಅವಳ ಕೈಚೀಲ ಎತ್ತಿಕೊಂಡ.

ಕಂಪನಿಯೇ ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. ಮೂರನೆಯ ಆಪರೇಷನ್ ಆಗಿ, ಆರು ತಿಂಗಳಿಗೆ ಪುಟ್ಟಗೌರಮ್ಮ ಕೋಲು ಹಿಡಿದು ತೋಟಕ್ಕೆ ಇಳಿದಳು. ಊರಿನವರು ಮಾತ್ರ ಕೆಂಪಣ್ಣನನ್ನು ಬಿಡಲಿಲ್ಲ.

"ಏನ್ಲಾ ಧರ್ಮರಾಯ," ಅಂತ ಚಿಕ್ಕಸ್ವಾಮಿ ಟೀ ಅಂಗಡಿಯಲ್ಲಿ ಕೆಣಕಿದ, "ಇವತ್ತು ಯಾರ್ನ ಬಿಟ್ಟಿ ಕೂರುಸ್ಕಂಡ್ ಓಯ್ತಿದ್ದೀಯೆ?"

ಕೆಂಪಣ್ಣ ಟೀ ಊದಿಕೊಂಡು ಒಂದು ಗುಟುಕು ಕುಡಿದ.

"ಬಿಟ್ಟಿ ಇಲ್ಲ ಕಣ್ಲಾ. ಮೂಟೆ ತತ್ತಾ, ಬಾಡ್ಗೆ ಕೊಡು, ಆಮೇಲ್ ಬಂದು ಪಕ್ದಲ್ ಕೂತ್ಕೊ."