ಸದ್ದಿಲ್ಲದ ಗಾಡಿ

"ಇದಕ್ಕಿಂತ ಕಡಿಮೆದು ಇಲ್ವಾ, ವಿಶ್ವನಾಥಣ್ಣ?" ದೇವು ಮತ್ತೆ ಕೇಳಿದ.

ಹೊನ್ನಾವರದ ಬ್ಯಾಟರಿ ಅಂಗಡಿಯ ವಿಶ್ವನಾಥ ಕಪಾಟಿನಿಂದ ಚಿಕ್ಕ ಇನ್ವರ್ಟರ್ ಇಳಿಸಿದ. "ಇದು ಸೋವಿ. ಆದ್ರೆ ಕಾರಿಂದು, ಒಂದೇ ಬ್ಯಾಟರಿಗೆ. ನಿನ್ನ ಕರೆಂಟ್ ರಿಕ್ಷಾದಲ್ಲಿ ನಾಲ್ಕು ಬ್ಯಾಟರಿ ಅದೆ. ಒಂದರಿಂದಷ್ಟೇ ಕರೆಂಟ್ ಎಳೆದ್ರೆ ಅದೊಂದು ಸತ್ತು ಬೀಳ್ತದೆ, ಉಳಿದ ಮೂರು ಇದ್ದೂ ಗಾಡಿ ಏಳುದಿಲ್ಲ. ನಾಲ್ಕಕ್ಕೂ ಸೇರಿಸಿ ಹಾಕುದು ಆಗ್ಲೇ ತೋರಿಸಿದ್ದು."

ಅದರ ಬೆಲೆ ದೇವುವಿನ ಕೈಗೆ ಎಟುಕುವಂತಿರಲಿಲ್ಲ. ಮನೆಯಲ್ಲಿ ತಾಯಿ ಗಣಪಿ. ಮಲಗಿದರೆ ಆಕ್ಸಿಜನ್ ಮಶಿನ್ ಬೇಕು. ನಾಲ್ಕು ಹನಿ ಬಿದ್ದರೆ ಸಾಕು, ಹೊಳೆಯಾಚೆಯ ಅವರ ಊರು ಕಾಸರಕೋಡಿನಲ್ಲಿ ಕರೆಂಟ್ ಮಾಯ.

"ಇರ್ಲಿ, ಇದನ್ನೇ ಕೊಡಿ. ಒಂದು ಗಳಿಗೆಯ ಆಪತ್ತಿಗಾತು."

ಬಡವನ ಲೆಕ್ಕವೇ ಹಾಗೆ. ಆಪತ್ತೂ ತನ್ನ ಕಿಸೆ ನೋಡಿಕೊಂಡೇ ಬರುತ್ತದೆ ಅಂದುಕೊಳ್ಳುತ್ತಾನೆ.

ಅದೇ ವಾರ ಆಪತ್ತು ಬಂತು. ಬೆಳಗಿನ ಜಾವದ ಗಾಳಿಗೆ ತಂತಿ ಹರಿದುಬಿತ್ತು. ಅಂಗಳದ ರಿಕ್ಷಾದಿಂದ ಕಿಟಕಿಯೊಳಗೆ ವೈರ್ ಎಳೆದು ದೇವು ಮಶಿನ್ ಓಡಿಸಿದ. ಬೆಳಕು ಹರಿಯುವವರೆಗೂ ಗಣಪಿ ನಿರಾಳವಾಗಿ ಉಸಿರಾಡಿದಳು. ದೇವು ಮಾತ್ರ ಮಶಿನ್ ನಿಲ್ಲಿಸಲಾರದೆ, ಗಾಡಿಯ ಚಿಂತೆ ಬಿಡಲಾರದೆ ಹೊಸ್ತಿಲಲ್ಲೇ ಒದ್ದಾಡಿದ. ಬಂದರಿನ ಮೀನು ಮಾರುವ ಹೆಂಗಸರದೊಂದೇ ಅವನಿಗೆ ಖಾಯಂ ಬಾಡಿಗೆ. "ಇನ್ನೊಂದ್ಸಲ ಕೈ ಕೊಟ್ರೆ ಬೇರೆ ಗಾಡಿ ನೋಡ್ತೇವೆ" ಎಂದು ನಿನ್ನೆಯಷ್ಟೇ ಅವರು ಖಡಕ್ಕಾಗಿ ಹೇಳಿದ್ದರು.

ಗಣಪಿ ಎದ್ದು ಕೂತು ಮೂಗಿನ ನಳಿಕೆಯನ್ನು ತಾನೇ ಕಿತ್ತಳು. "ಕೂತ್ರೆ ನಂಗೆ ಎಂತದೂ ಆಗುದಿಲ್ಲ. ನೀ ಹೋಗು ಮಗಾ. ನನ್ನ ದೆಸೆಯಿಂದ ಬಾಡಿಗೆ ತಪ್ತು ಅಂದ್ರೆ ನಾ ಆ ಮಶಿನ್ ಮತ್ತೆ ಮುಟ್ಟುದೇ ಇಲ್ಲ, ನೋಡು."

"ಆತು ಅಮ್ಮಾ, ಹೊರಟೆ."

ವೈರ್ ಸುತ್ತಿಟ್ಟು ಕೀ ತಿರುಗಿಸಿದ. ಮೀಟರಿನ ದೀಪ ಮಿಣುಕ್ಕೆಂದು ಆರಿತು. ಮತ್ತೆ ತಿರುಗಿಸಿದ. ಗಾಡಿ ಮಿಸುಕಲಿಲ್ಲ. ಚಾರ್ಜಿಗೆ ಹಾಕೋಣವೆಂದರೆ ಎಲ್ಲಿದೆ ಕರೆಂಟು! ಒಳಗೆ ಹೋಗಿ ಹೇಳುವಂತೆಯೂ ಇಲ್ಲ. ಗಣಪಿ ಆಡಿದ ಮಾತು ನಡೆಸುವ ಹೆಂಗಸು. ಫೋನ್ ಬಡಿದುಕೊಂಡಿತು. ಬಂದರಿನದೇ. ಗಾಬರಿಯಿಂದ ಅದರ ಬಾಯಿ ಮುಚ್ಚಿಸಿದ.

ಕಿಟಕಿಗೆ ಮಳೆಗೆಂದು ಕಟ್ಟಿದ ಪ್ಲಾಸ್ಟಿಕ್ ಹಾಳೆಯ ಆಚೆ, ಹಿತ್ತಲಿನಿಂದ ಬಂದ ನೆರೆಮನೆಯ ವಸಂತಿಗೆ ತಾಯಿ ಒಳಗೆ ಏದುಸಿರು ಬಿಡುತ್ತಲೇ ಹೇಳುತ್ತಿದ್ದಳು. "ದೇವು ಆಗ್ಲೇ ಬಂದರಿಗೆ ಹೋದ. ಹೋದ್ದೇ ಗೊತ್ತಾಗುದಿಲ್ಲ ಮಾರಾಯ್ತಿ. ಒಂಚೂರು ಸದ್ದಿಲ್ಲ, ಅಷ್ಟು ಚಂದದ ಗಾಡಿ."

ದೇವುವಿಗೆ ಕೆಮ್ಮು ಬಂತು. ಸೀಟಿನಲ್ಲಿ ಬಗ್ಗಿ ಕೂತು, ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡ.