ಕ್ಯಾಂಟೀನ್ ಹಿಂದೆ ಹುಟ್ಟಿದ ಜೇಡ

ನಾನೊಂದು ಜೇಡ. ಇಷ್ಟು ಹೇಳಿದ ಕೂಡಲೇ ನಿಮ್ಮ ಕಣ್ಣು ಗೋಡೆಯ ಮೂಲೆಗೆ ಹೋಯಿತು, ಕೈ ಪೊರಕೆಗೆ ಹೋಯಿತು. ಗೊತ್ತು. ಆದರೆ ನಾನು ಅಲ್ಲಿಲ್ಲ. ನಮ್ಮ ಮನೆತನದವರು ಗೋಡೆ ಹತ್ತುವವರಲ್ಲ, ಬಲೆ ಕಟ್ಟಿಕೊಂಡು ಊಟಕ್ಕೆ ಕಾಯುವವರೂ ಅಲ್ಲ. ಉದುರಿದ ಎಲೆಯ ಕೆಳಗೆ ಹುಟ್ಟಿ, ಅಲ್ಲೇ ಓಡಾಡಿ, ಅಲ್ಲೇ ಮುಗಿಯುವವರು. ಸಾಸಿವೆ ಕಾಳಿಗೂ ನನಗೂ ಎತ್ತರದ ವಿಷಯದಲ್ಲಿ ಜಗಳವಿಲ್ಲ. ಕಿತ್ತಳೆ ಬಣ್ಣ, ಹೊಟ್ಟೆಗೆ ಮೇಲೊಂದು ಕೆಳಗೊಂದು ಗಟ್ಟಿ ಕವಚ, ಮುಖಕ್ಕೆ ಆರು ಕಣ್ಣು. ಇಂಗ್ಲಿಷಿನವರು ನಮಗೆ ಗಾಬ್ಲಿನ್ ಜೇಡ ಎಂದು ಹೆಸರಿಟ್ಟಿದ್ದಾರೆ. ಗಾಬ್ಲಿನ್ ಎಂದರೆ ಅವರ ಕಡೆಯ ಕುಳ್ಳ ದೆವ್ವವಂತೆ. ಇಷ್ಟು ಹೆದರಿಕೊಂಡು ಬದುಕುವ ದೆವ್ವವನ್ನು ಅವರು ಎಲ್ಲಿ ಕಂಡರೋ.

ನಾನು ಹುಟ್ಟಿದ್ದು ಧಾರವಾಡದ ಒಂದು ಕಾಲೇಜಿನ ಕ್ಯಾಂಟೀನ್ ಹಿಂದೆ, ಮಳೆಮರದ ಬುಡದಲ್ಲಿ. ಮೇಲಿಂದ ಗುಲಾಬಿ ಎಳೆಯ ಹೂವು ಉದುರುತ್ತಿತ್ತು, ಪಕ್ಕದಿಂದ ಮಿರ್ಚಿ ಭಜಿಯ ಎಣ್ಣೆ ಸೋರುತ್ತಿತ್ತು. ನನ್ನ ಕಾಲಕ್ಕೆ ನೆಲದ ಮೇಲೆ ನಂಬುವಂಥದ್ದು ಏನೂ ಇರಲಿಲ್ಲ. ಎಲೆ ಅಲುಗಿದರೆ ಇರುವೆಯೋ ಎಂಬ ಸಂಶಯ. ಅಲುಗದಿದ್ದರೆ ಹೊಂಚು ಹಾಕಿದ ಇರುವೆಯೋ ಎಂಬ ಸಂಶಯ. ನಮ್ಮ ಆರೂ ಕಣ್ಣಿಗೆ ರೆಪ್ಪೆ ಕೊಡದಿದ್ದವನು ಸುಮ್ಮನೆ ಕೊಡದೆ ಬಿಟ್ಟಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಶಯ ಚೀಲದ ಮೇಲೆ. ನಮ್ಮ ಎಲೆಯಡಿಯಲ್ಲಿ ಒಂದು ಹಳೆಯ ಕಥೆ ಓಡಾಡುತ್ತಿತ್ತು. ಹಿಂದೊಂದು ಕಾಲದಲ್ಲಿ ಬಿಳಿ ಬಟ್ಟೆಯ ಚೀಲವೊಂದು ಬಂತಂತೆ. ನೆಲವನ್ನೇ ಎತ್ತಿ ಅದರೊಳಗೆ ಹಾಕಿ ಗಡಗಡ ಅಲುಗಿಸಿದರಂತೆ. ಎಲೆ ವಾಪಸ್ ಬಂತು, ಇರುವೆ ವಾಪಸ್ ಬಂತು, ನಮ್ಮ ದೊಡ್ಡಜ್ಜ ಮಾತ್ರ ಬರಲಿಲ್ಲವಂತೆ. ನಾನು ಇದನ್ನು ಮಕ್ಕಳನ್ನು ಸುಮ್ಮನಿರಿಸಲು ಹುಟ್ಟಿಸಿದ ಕಥೆ ಎಂದುಕೊಂಡಿದ್ದೆ. ಜೀವನದಲ್ಲಿ ನಾನು ಸಂಶಯಪಡದೆ ಬಿಟ್ಟದ್ದು ಅದೊಂದನ್ನೇ.

ಒಂದು ದಿನ ಚೀಲ ಬಂತು.

ಅದನ್ನು ಹಿಡಿದಿದ್ದವಳು ನೀಲಾಂಬಿಕಾ ಕೊಣ್ಣೂರ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ಜೇಡಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ವರ್ಷಗಟ್ಟಲೆ ಕಾಡು ಅಲೆದು, ಜಿಗಣೆಗೆ ರಕ್ತ ಕೊಟ್ಟು, ಅವಳು ತಂದ ಜೇಡಗಳೆಲ್ಲ ಬೇರೆಯವರು ಆಗಲೇ ಹೆಸರಿಟ್ಟು ಮುಗಿಸಿದಂಥವು. ಅವಳ ಗೈಡ್ ಒಂದೇ ಮಾತು ಹೇಳಿಬಿಟ್ಟಿದ್ದರು: ಹೊಸ ಜಾತಿಯ ಜೇಡ ಒಂದಾದರೂ ಇಲ್ಲದ ಥೀಸಿಸ್ಸಿಗೆ ತಮ್ಮ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಡಾಕ್ಟರೇಟ್ ಇಲ್ಲ, ಡಾಕ್ಟರೇಟ್ ಇಲ್ಲದಿದ್ದರೆ ಗೋಕಾಕಿನ ಕಾಲೇಜಿನಲ್ಲಿ ಖಾಲಿಯಿರುವ ಜಾಗ ಇನ್ನೊಬ್ಬರದು.

ಅವತ್ತು ಅವಳು ಹೊಸ ಜಾತಿ ಹುಡುಕಲು ಬಂದಿರಲಿಲ್ಲ. ಆ ವಿಭಾಗದಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇದೆ. ಎಲೆಗಸ ಸೋಸುವ ಚೀಲವನ್ನು ಕಾಡಿಗೆ ಒಯ್ಯುವ ಮುಂಚೆ ಎಲ್ಲರೂ ಕ್ಯಾಂಟೀನ್ ಹಿಂದಿನ ಮಳೆಮರದ ಕೆಳಗೆ ಕೈ ಪಳಗಿಸಿಕೊಳ್ಳಬೇಕು. ಚೀಲವೂ ವಿಭಾಗಕ್ಕೆಲ್ಲ ಒಂದೇ, ಬಾಗಿಲ ಹಿಂದಿನ ಮೊಳೆಗೆ ನೇತಾಡುವಂಥದ್ದು. ನೀಲಾಂಬಿಕಾ ಹೊಸ ವಿದ್ಯಾರ್ಥಿಗಳಿಗೆ ಸೋಸುವುದನ್ನು ತೋರಿಸಲು ಬಂದಿದ್ದಳು. ನೆಲ ಎದ್ದಿತು, ಗಡಗಡ ಅಲುಗಿತು, ಜರಡಿಯ ಕಣ್ಣಿನಿಂದ ಜಾರಿ ನಾನು ಬಿಳಿ ತಟ್ಟೆಗೆ ಬಿದ್ದೆ. ಬಿಳಿಯ ಮೇಲೆ ಕಿತ್ತಳೆ. ಅಡಗಲು ಒಂದು ಎಲೆಯಿಲ್ಲ.

ಅವಳು ಗಾಜಿನ ಕೊಳವೆಯನ್ನು ನನ್ನ ಮೇಲೆ ಹಿಡಿದು, ರಬ್ಬರ್ ಪೈಪನ್ನು ಬಾಯಿಗಿಟ್ಟು, ಎಳನೀರು ಕುಡಿಯುವ ಹಾಗೆ ಎಳೆದಳು. ಆಮೇಲೆ ಒಂದು ಪುಟ್ಟ ಶೀಸೆ, ಅದರಲ್ಲಿ ಸ್ಪಿರಿಟ್. ದೆವ್ವದ ಹೆಸರಿನವನನ್ನು ಸ್ಪಿರಿಟ್ಟಿನಲ್ಲೇ ಮುಳುಗಿಸಿದರು. ನನ್ನ ಸಾವು ಇಷ್ಟೇ. ನೀವು ಅಳಬೇಕಾಗಿಲ್ಲ, ಯಾಕೆಂದರೆ ನನ್ನ ಜೀವನ ಶುರುವಾದದ್ದು ಅಲ್ಲಿಂದಲೇ. ಬದುಕಿದ್ದಾಗ ನನ್ನನ್ನು ಒಬ್ಬರೂ ಮೂಸಿ ನೋಡಿರಲಿಲ್ಲ.

ಗಂಡು ಜೇಡನ ಮುಖದ ಮುಂದೆ ಎರಡು ಪುಟ್ಟ ಕೈಗಳಿರುತ್ತವೆ. ಒಂದೊಂದು ಜಾತಿಗೆ ಒಂದೊಂದು ಆಕಾರ. ಬೀಗಕ್ಕೆ ಕೀಲಿಯಂತೆ ಸ್ವಜಾತಿಯ ಹೆಣ್ಣಿಗೆ ಮಾತ್ರ ಹೊಂದುತ್ತದೆ. ಜೇಡ ಹೊಸದೋ ಹಳೆಯದೋ ಎಂದು ತೀರ್ಮಾನಿಸುವುದು ಆ ಕೈಯ ತುದಿ ನೋಡಿ. ನಮ್ಮ ಬುಡಕಟ್ಟನ್ನು ಓದುವವರಲ್ಲಿ ಇದಕ್ಕೊಂದು ಕಟ್ಟಳೆ ಇದೆ: ಕತ್ತರಿಸಿ ತೆಗೆಯುವುದು, ಚಿತ್ರ ಬರೆಯುವುದು ಯಾವಾಗಲೂ ಎಡಗೈಯನ್ನು. ಎಲ್ಲರೂ ಎಡಗೈಯನ್ನೇ ಬರೆದರೆ ಒಬ್ಬರ ಚಿತ್ರವನ್ನು ಇನ್ನೊಬ್ಬರದರ ಜೊತೆ ಹೋಲಿಸಬಹುದು. ಬಲಗೈ ಸಾಕ್ಷಿಗೆ ಮೈಯಲ್ಲೇ ಉಳಿಯುತ್ತದೆ. ನೀಲಾಂಬಿಕಾ ಚಿಮಟದಿಂದ ನನ್ನ ಎಡಗೈ ಕಿತ್ತಳು. ಮದುವೆಗೆಂದು ಕಾಯ್ದಿಟ್ಟುಕೊಂಡ ಕೈ, ಮೈಕ್ರೋಸ್ಕೋಪಿನ ಕೈಗೆ ಹೋಯಿತು.

ನೋಡುತ್ತಾ ನೋಡುತ್ತಾ ಅವಳು ಕುರ್ಚಿಯಿಂದ ಎದ್ದಳು, ಮತ್ತೆ ಕುಳಿತಳು. ನನ್ನಂಥ ಜೇಡ ಈ ಕಡೆ ಒಂದೇ ಒಂದು ಸಿಕ್ಕಿದ್ದು, ಅದೂ ಬಾದಾಮಿಯಲ್ಲಿ. ಅದರ ಕೈಯ ತುದಿ ಹೊರಕ್ಕೆ ಬಾಗಿದೆ ಎಂದು ಅಚ್ಚಾದ ಚಿತ್ರ ಹೇಳುತ್ತಿತ್ತು. ನನ್ನದು ಒಳಕ್ಕೆ ಬಾಗಿತ್ತು. ಅಂದರೆ ನಾನು ಹೊಸಬ.

ಅವಳ ಗೈಡ್ ಡಾಕ್ಟರ್ ಗಲಗಲಿಯವರು ಬಂದರು. ಮನುಷ್ಯರಲ್ಲಿ ನನ್ನಷ್ಟು ಸಂಶಯದವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಮೊದಲು ಮೈಕ್ರೋಸ್ಕೋಪಿನಲ್ಲಿ ನನ್ನ ಕೈ ನೋಡಿದರು, ಆಮೇಲೆ ಅವಳ ಮುಖ.

"ಎಲ್ಲಿ ಸಿಕ್ತು?"

"ಕ್ಯಾಂಟೀನ್ ಹಿಂದ ರೀ ಸರ."

"ಕಾಡೆಲ್ಲಾ ತಿರುಗಿ ಸಿಗದ ಹುಳ ಭಜಿ ಅಂಗಡಿ ಹಿಂದ ಸಿಕ್ತೇನು? ಕಾಡಿನ ಹುಳ ಚೀಲದಾಗ ಸಿಕ್ಕೊಂಡು ಬಂದಿರ್ಬೇಕು. ಚೀಲ ತೊಳದಿದ್ದೇನು?"

"ತೊಳದಿದ್ನಿರಿ. ಪ್ರತಿ ಸಲ ತೊಳಿತೀನಿ, ಒಳಗ ಹೊರಗ ಮಾಡಿ. ಹಾಸ್ಟೆಲ್ ತಂತಿ ಮ್ಯಾಲ ಒಣಗ ಹಾಕಿದ್ದು ನೋಡಿ ಹುಡುಗ್ಯಾರು ನಗ್ತಾರ್ರಿ, ಇದ್ಯಾವ ಅಂಗಿ ಅಂತ."

ಗಲಗಲಿಯವರು ನಗಲಿಲ್ಲ. ಬಾಗಿಲು ಹಾಕಿ ಬಂದು ಕುಳಿತರು. ಬಾಗಿಲು ಹಾಕುವವರನ್ನು ಕಂಡರೆ ನನಗೆ ಮೊದಲೇ ಸಂಶಯ.

"ನೋಡು ನೀಲಾಂಬಿಕಾ, ಆ ಬಾಜೂ ಕೋಣ್ಯಾಗ ಕೂತಾಳಲ್ಲ, ಅಕಿ ಅವತ್ತು ಏನು ಮಾಡಿದ್ಳು? ಬಾದಾಮಿಯೊಳಗ ಸಿಕ್ತು ಅಂತ ಹೇಳಿ ಬಾದಾಮಿಯೆನ್ಸಿಸ್ ಅಂತ ಹೆಸರಿಟ್ಳು. ಊರ ಹೆಸರು ಅಂತಾಳ. ಅದು ಅಕೀ ಅಡ್ಡಹೆಸರೂ ಹೌದಲ್ಲೇನು? ತನ್ನ ಹೆಸರು ತಾನ ಇಟ್ಕೊಂಡ್ರ ಜನಾ ನಗ್ತಾರಂತ ಊರಿನ ಹಿಂದ ನಿಂತ್ಳು."

ಬಾಜೂ ಕೋಣೆಯವರು ಡಾಕ್ಟರ್ ಸುಲೋಚನಾ ಬಾದಾಮಿ. ಇಬ್ಬರೂ ಒಂದೇ ಗುರುಗಳ ಶಿಷ್ಯರು, ಒಂದೇ ಗೋಡೆಯ ಆಚೆ ಈಚೆಯವರು. ಗೋಡೆ ಇರುವುದರಿಂದಲೇ ಇಬ್ಬರೂ ಇನ್ನೂ ನೌಕರಿಯಲ್ಲಿದ್ದಾರೆ ಎಂದು ವಿಭಾಗದಲ್ಲಿ ಹೇಳುತ್ತಾರೆ.

"ಈಗ ನೀ ಏನು ಮಾಡು," ಗಲಗಲಿಯವರ ದನಿ ತಗ್ಗಿತು. "ಕ್ಯಾಂಟೀನ್ ಹಿಂದ ಅಂತ ಬರದ್ರ ಛಂದ ಕಾಣೂದಿಲ್ಲ. ನಮ್ಮ ಗಲಗಲಿ ಊರಾಗ ಹೊಳಿ ದಂಡಿ ಮ್ಯಾಲ ಸಿಕ್ತು ಅಂತ ಚೀಟಿ ಬರದು ಶೀಸೆಗೆ ಹಾಕು. ಗಲಗಲಿಯೆನ್ಸಿಸ್ ಅಂತ ಇಡೋಣು. ಅದೂ ಊರ ಹೆಸರನ."

ನಾನು ಶೀಸೆಯ ತಳದಲ್ಲಿ ಬಿದ್ದುಕೊಂಡು ಕೇಳಿದೆ. ಜೀವ ತೆಗೆದರು, ಕೈ ತೆಗೆದರು, ಈಗ ಹುಟ್ಟಿದ ಊರಿಗೇ ಕೈ ಹಾಕಿದರು. ಹೊಳೆಯನ್ನು ನಾನು ಕಂಡವನೇ ಅಲ್ಲ. ನಾನು ಕಂಡ ದೊಡ್ಡ ನೀರೆಂದರೆ ಕ್ಯಾಂಟೀನಿನ ಲೋಟ ತೊಳೆದದ್ದು.

ನೀಲಾಂಬಿಕಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಮೊದಲ ಮೇಡಂ ಅವರ ಜೇಡದ ಜೋಡಿ ಹೋಲಿಸಿ ನೋಡ್ತೀನ್ರಿ ಸರ. ಚಿತ್ರ ಅಷ್ಟ ನೋಡಿ ಬರದ್ರ ನಾಳೆ ಯಾರರ ಕೇಳ್ತಾರ," ಎಂದಳು. ಎದ್ದು ಹೋಗುವಾಗ ಅವಳು ಚೀಟಿಯನ್ನು ಬರೆದೂ ಇರಲಿಲ್ಲ, ಹರಿದೂ ಇರಲಿಲ್ಲ. ನನಗೆ ಅವಳ ಮೇಲೂ ಸಂಶಯ ಬಂತು. ಗೋಕಾಕಿನ ಕುರ್ಚಿ ಒಂದು ಕಡೆ, ಸಾಸಿವೆ ಗಾತ್ರದ ನಾನು ಇನ್ನೊಂದು ಕಡೆ. ತೂಕದಲ್ಲಿ ನಾನು ಎಂದೂ ಗೆದ್ದವನಲ್ಲ.

ಬಾದಾಮಿ ಮೇಡಂ ಅವಳನ್ನು ನೋಡಿದ್ದೇ ಕನ್ನಡಕ ಕೆಳಗಿಳಿಸಿದರು.

"ಗಲಗಲಿ ಕಳಿಸ್ಯಾರೇನು?"

"ಇಲ್ರಿ ಮೇಡಂ, ನಾನ ಬಂದೇನ್ರಿ."

"ಅವರು ಕಳಿಸಿದವ್ರೂ ಹಿಂಗ ಅಂತಾರ. ನನ್ನ ಜೇಡ ಯಾಕ ಬೇಕು ನಿನಗ?"

ನೀಲಾಂಬಿಕಾ ನನ್ನ ಶೀಸೆಯನ್ನು ಮೇಜಿನ ಮೇಲಿಟ್ಟು ಇದ್ದದ್ದು ಇದ್ದಂತೆ ಹೇಳಿದಳು. ಕ್ಯಾಂಟೀನ್ ಎಂದಳು, ಒಳಕ್ಕೆ ಬಾಗಿದ ತುದಿ ಎಂದಳು. ಗಲಗಲಿ ಊರಿನ ಮಾತು ಮಾತ್ರ ಎತ್ತಲಿಲ್ಲ. ಮೇಡಂ ಬೀರುವಿನ ಕೀಲಿಯನ್ನು ಪರ್ಸಿನೊಳಗಿನ ಪರ್ಸಿನಿಂದ ತೆಗೆದರು. ಎಷ್ಟೋ ವರ್ಷ ತೆರೆಯದ ಶೀಸೆಯೊಂದನ್ನು ತಂದು ನನ್ನ ಪಕ್ಕಕ್ಕಿಟ್ಟರು. "ಕ್ಲಾಸ್ ಐತಿ ನಂದು. ಬರೂತನಕ ನೋಡು. ಅದರ ಕೂದಲಾ ಒಂದು ಕಮ್ಮಿ ಆದ್ರೂ ನನಗ ಗೊತ್ತಾಗ್ತೈತಿ," ಎಂದು ಹೋದರು.

ನೀಲಾಂಬಿಕಾ ನಮ್ಮಿಬ್ಬರನ್ನೂ ಒಂದೇ ಗಾಜಿನ ಬಟ್ಟಲಿಗೆ ಇಳಿಸಿದಳು. ಇಬ್ಬರ ಬೆನ್ನೂ ಮೇಲೆ, ಮುಖ ಒಂದೇ ದಿಕ್ಕಿಗೆ. ಅದೇ ಕಿತ್ತಳೆ, ಅದೇ ಕವಚ, ಅದೇ ಆರು ಕಣ್ಣು. ವಯಸ್ಸಾದ ನನ್ನನ್ನೇ ನಾನು ನೋಡಿದ ಹಾಗಾಯಿತು; ಅವನನ್ನು ಮನಸ್ಸಿನಲ್ಲೇ ಅಜ್ಜ ಎಂದೆ. ಒಂದೇ ವ್ಯತ್ಯಾಸ. ನನಗೆ ಎಡಗೈ ಇರಲಿಲ್ಲ, ಅವನಿಗೆ ಬಲಗೈ ಇರಲಿಲ್ಲ.

ನೀಲಾಂಬಿಕಾ ಮೈಕ್ರೋಸ್ಕೋಪಿಗೆ ಇನ್ನಷ್ಟು ಬಗ್ಗಿದಳು. ಅವಳು ಚಿಮಟದಿಂದ ಅಜ್ಜನನ್ನು ಮೆಲ್ಲಗೆ ಮಗುಚಿ ಹೊಟ್ಟೆ ಮೇಲೆ ಮಾಡಿದಳು. ಈಗ ಅವನ ಖಾಲಿ ಜಾಗ ಎಡಕ್ಕೆ ಬಂತು. ಮತ್ತೆ ಮಗುಚಿದಳು, ಬಲಕ್ಕೆ ಹೋಯಿತು. ನಡೆದದ್ದು ಇಷ್ಟೇ. ಆ ಕಾಲದಲ್ಲಿ ಅಂಗಾತ ಬಿದ್ದಿದ್ದ ಅಜ್ಜನನ್ನು ಮೇಡಂ ಬೋರಲು ಎಂದುಕೊಂಡಿದ್ದರು. ಎಡಕ್ಕೆ ಕಂಡ ಕೈಯನ್ನು ಎಡಗೈ ಎಂದು ಕತ್ತರಿಸಿ, ಬಲಗೈಯ ಚಿತ್ರ ಬರೆದು, ಎಡಗೈ ಎಂದು ಅಚ್ಚು ಹಾಕಿಸಿದ್ದರು. ಕನ್ನಡಿಯಲ್ಲಿ ಕಂಡಂತೆ ಚಿತ್ರ ತಿರುಗಿ, ಒಳಕ್ಕೆ ಬಾಗಿದ್ದು ಹೊರಕ್ಕೆ ಬಾಗಿತ್ತು. ಅಜ್ಜನ ಮೈಯಲ್ಲಿ ಉಳಿದಿದ್ದ ನಿಜವಾದ ಎಡಗೈ ನೋಡಿದಳು. ತುದಿ ಒಳಕ್ಕೇ ಬಾಗಿತ್ತು, ನನ್ನದರಂತೆ.

ನಾನು ಹೊಸಬನಲ್ಲ. ಅವಳ ಥೀಸಿಸ್ಸಿನಲ್ಲಿ ಹೊಸದೇನೂ ಇಲ್ಲ.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಜ್ಜನನ್ನು ಶೀಸೆಗೆ ಹಾಕಿ ಮುಚ್ಚಳ ಬಿಗಿದರೆ ಮುಗಿಯಿತು. ಆ ಬೀರು ಇನ್ನೆಷ್ಟು ವರ್ಷಕ್ಕೆ ತೆರೆಯುತ್ತಿತ್ತೋ. ಅವಳ ಕೈ ಅಜ್ಜನ ಶೀಸೆಯ ಹತ್ತಿರ ಹೋಯಿತು. ನಾನು ಆರೂ ಕಣ್ಣಿನಿಂದ ಆ ಕೈಯನ್ನೇ ನೋಡುತ್ತಿದ್ದೆ. ಶೀಸೆ ಎತ್ತಿದಳು, ಮುಚ್ಚಳ ಹುಡುಕಿದಳು, ಸಿಕ್ಕಿತು. ನನ್ನ ಸಂಶಯ ನಿಜವಾಯಿತು ಬಿಡು, ಎಂದುಕೊಂಡೆ. ಅವಳು ಮುಚ್ಚಳವನ್ನು ಬಟ್ಟಲಿನ ಪಕ್ಕ ಇಟ್ಟು, ಕಾಲು ಮೇಲೆ ಎತ್ತಿಕೊಂಡು, ಕುರ್ಚಿಯಲ್ಲಿ ಮುದುಡಿ ಕುಳಿತಳು. ಮೇಡಂ ಬರುವವರೆಗೂ ಹಾಗೆಯೇ ಇದ್ದಳು.

"ಮೇಡಂ, ಇದನ್ನ ಸ್ವಲ್ಪ ನೋಡ್ರಿ," ಎಂದಳು. ಏನು ನೋಡಬೇಕು ಎಂದು ಹೇಳಲಿಲ್ಲ.

ಮೇಡಂ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣಿನ ಸುತ್ತ ಮೈಕ್ರೋಸ್ಕೋಪಿನ ಗುಂಡು ಗುರುತು ಮೂಡಿತ್ತು.

"ಎಷ್ಟು ಮಂದಿ ಹುಡುಗರಿಗೆ ಹೇಳೇನಿ ನಾನು, ಹೊಟ್ಟಿ ಯಾವ ಕಡೆ ಐತಿ ನೋಡಿ ಕತ್ತರಸ್ರಿ ಅಂತ."

ನೀಲಾಂಬಿಕಾ ಅಜ್ಜನ ಶೀಸೆಯನ್ನು ಮೇಡಂ ಕಡೆ ಸರಿಸಿದಳು.

"ಮುಚ್ಚಿಟ್ಟು ಹೋಗಬಹುದಿತ್ತಲ್ಲ ನೀನು."

"ಮುಚ್ಚಳ ಹುಡುಕಿದ್ನಿರಿ ಮೇಡಂ."

ಮೇಡಂ ಅವಳನ್ನು ಮೊದಲ ಸಲ ಸಂಶಯವಿಲ್ಲದೆ ನೋಡಿದರು. ಆದರೆ ನೀಲಾಂಬಿಕಾಗೆ ಇನ್ನೊಂದು ಸಂಶಯ ಬಾಕಿ ಇತ್ತು.

"ಬಾದಾಮಿಯೊಳಗ ಆಮ್ಯಾಲೆ ಮತ್ತ ಯಾರಿಗಾದ್ರೂ ಇದು ಸಿಕ್ಕೈತೇನ್ರಿ?"

"ಇಲ್ಲ. ಆರು ಸಲ ಹೋಗಿ ಬಂದೇನಿ. ಅಪರೂಪದ್ದು ಅಂತ ಬರದೇನಿ."

"ಮೇಡಂ... ಬಾದಾಮಿಗೆ ಹೋಗೂ ಮುಂಚೆ ನೀವೂ ಕ್ಯಾಂಟೀನ್ ಹಿಂದ ಕೈ ಪಳಗಿಸ್ಕೊಂಡಿದ್ರೇನ್ರಿ?"

"ಹಿಂದಿನ ದಿನ. ಎಲ್ಲಾರೂ ಹಂಗ ಮಾಡ್ತಿದ್ವಿ."

"ಚೀಲ ತೊಳದಿದ್ರೇನ್ರಿ?"

ಮೇಡಂ ಬಾಗಿಲ ಕಡೆ ನೋಡಿದರು. ಗೋಡೆಯ ಕಡೆ ನೋಡಿದರು, ಗಲಗಲಿಯವರು ಆಚೆ ಕಿವಿಗೊಟ್ಟಿದ್ದಾರೋ ಎಂಬಂತೆ. ಅಜ್ಜನ ಶೀಸೆಯ ಮೇಲಿನ ಬಾದಾಮಿ ಎಂಬ ಅಕ್ಷರವನ್ನು ಹೆಬ್ಬೆರಳಿನಿಂದ ಮುಚ್ಚಿ, "ಚಿತ್ರ ತಪ್ಪಾಗೈತಿ ಅಂತ ನಾನ ಬರದು ಕೊಡ್ತೀನಿ. ನೀ ನಿನ್ನ ಅಧ್ಯಾಯ ಬರಿ. ಕ್ಯಾಂಟೀನ್ ಹಿಂದ ಅಂತನ ಬರಿ," ಎಂದರು.

ಗಲಗಲಿಯವರಿಗೆ ಸುದ್ದಿ ಮುಟ್ಟಿತು. ಗಲಗಲಿಯೆನ್ಸಿಸ್ ಕೈತಪ್ಪಿತು ಎಂದು ಅವರ ಮುಖ ಮೊದಲು ಹುಳ್ಳಗಾಯಿತು. ಆಮೇಲೆ ಪಕ್ಕದ ಕೋಣೆಯವರು ಕೈ ಅದಲು ಬದಲು ಮಾಡಿದ್ದರೆಂಬುದು ತಲೆಗಿಳಿದು, ಮುಖ ಹಬ್ಬದ ಹೋಳಿಗೆಯಂತೆ ಅರಳಿತು. "ಇದನ್ನ ಹಾಕು. ಪೂರಾ ಒಂದು ಅಧ್ಯಾಯ ಹಾಕು. ಎರಡೂ ಕೈಯ ಚಿತ್ರಾ ದೊಡ್ಡದಾಗಿ ಬರಲಿ," ಎಂದು ಪೆನ್ನು ಕೇಳಿದರು. ಹೊಸ ಜೇಡಕ್ಕೆಂದು ಕಾಯ್ದಿಟ್ಟ ಸಹಿಯನ್ನು ಹಳೆಯ ಹಗೆಗೆ ಹಾಕಿದರು. ನೀಲಾಂಬಿಕಾ ಗೋಕಾಕಿಗೆ ಹೋದಳು. ಹೋಗುವ ಮುಂಚೆ ಮೊಳೆಯ ಮೇಲಿನ ಚೀಲವನ್ನು ಒಮ್ಮೆ ಒಳಗೆ ಹೊರಗೆ ಮಾಡಿ ತೊಳೆದು ಹೋದಳು.

ಈಗ ನಾನು ಬಾದಾಮಿ ಮೇಡಂ ಅವರ ಬೀರುವಿನಲ್ಲಿ, ಅಜ್ಜನ ಪಕ್ಕದ ಶೀಸೆಯಲ್ಲಿದ್ದೇನೆ. ನನ್ನ ಹೆಸರೂ ಬಾದಾಮಿಯೆನ್ಸಿಸ್. ಮೊದಲು ಇಟ್ಟ ಹೆಸರು ಊರು ತಪ್ಪಿದ್ದರೂ ಬದಲಾಗುವಂತಿಲ್ಲ, ಅದು ಅವರ ಶಾಸ್ತ್ರ. ಇರಲಿ. ನನ್ನ ಚೀಟಿಯಲ್ಲಾದರೂ ನಾನು ಹುಟ್ಟಿದ ಜಾಗ ಇದೆ, ನೀಲಾಂಬಿಕಾಳ ಅಕ್ಷರದಲ್ಲಿ.

ಅಜ್ಜನ ಶೀಸೆಯ ತಳದಲ್ಲಿ, ಕಾಲುಗಳ ನಡುವೆ, ಒಂದು ಸಣ್ಣ ಎಳೆ ಬಿದ್ದಿದೆ. ಬಣ್ಣ ಸ್ಪಿರಿಟ್ಟಿನಲ್ಲಿ ಎಂದೋ ಕರಗಿ ಹೋಗಿದೆ. ಮಳೆಮರದ ಹೂವಿನ ಎಳೆ ಇರಬಹುದು, ಚೀಲದಿಂದ ವಾಪಸ್ ಬಾರದ ದೊಡ್ಡಜ್ಜ ಇವನೇ ಇರಬಹುದು ಎಂದು ನನಗೆ ಸಂಶಯ. ಮಳೆಮರ ಬಾದಾಮಿಯಲ್ಲೂ ಇರಬಹುದು ಎಂದು ಅದರ ಮೇಲೂ ಸಂಶಯ. ಅಜ್ಜನನ್ನು ಕೇಳಿದರೆ ಅವನು ಬಾಯಿ ಬಿಡುವುದಿಲ್ಲ. ಬೀರು ಮುಚ್ಚಿದ ಮೇಲೆ ನಾವಿಬ್ಬರೂ ಗಾಜಿನ ಆಚೆ ಈಚೆ ಸುಮ್ಮನೆ ಮಲಗಿರುತ್ತೇವೆ. ಅವನ ಎಡಗೈ ನನ್ನ ಕಡೆ ಚಾಚಿದೆ, ನನ್ನ ಬಲಗೈ ಅವನ ಕಡೆ. ಇಬ್ಬರನ್ನೂ ಕೂಡಿಸಿ ನೋಡಿದರೆ ಎರಡೂ ಕೈ ನೆಟ್ಟಗಿರುವ ಒಂದು ಜೇಡ, ಮಳೆಮರದ ಕೆಳಗಿನದು.