ಅಕ್ಕ ಕೊಟ್ಟ ಗಾಡಿ

ಅಕ್ಕ ನಾಯಿಯ ಕೊರಳಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು. ನಾಯಿ ತಂಗಿಯ ವ್ಯಾನಿನ ಮುಂದಿನ ಸೀಟಿನ ಮೇಲೆ ನಾಲ್ಕೂ ಕಾಲೂರಿ ನಿಂತಿತ್ತು, ಕ್ಯಾರೇ ಅನ್ನಲಿಲ್ಲ. ಹೆಣದ ಗಾಡಿ ಮನೆಯ ಮುಂದೆ ಬಂದು ಆಗಲೇ ಸುಮಾರು ಹೊತ್ತಾಗಿತ್ತು. ತಂಗಿಯ ಹೆಣದ ಹಿಂದೆ ಅವಳ ನಾಯಿಯನ್ನು ಹಿಡಿದು ನಡೆಯುವವಳು ತಾನೇ ಆಗಬೇಕು ಎಂದು ಅಕ್ಕ ಬೆಳಿಗ್ಗೆಯೇ ತೀರ್ಮಾನಿಸಿದ್ದಳು. ಒಡಹುಟ್ಟಿದವಳು ಯಾರು, ದಾರಿಯಲ್ಲಿ ಸಿಕ್ಕವರು ಯಾರು ಎನ್ನುವುದು ಇವತ್ತಾದರೂ ಎಲ್ಲರಿಗೂ ಗೊತ್ತಾಗಲಿ.

"ಇಳಿಯೋ ಮುದುಕಪ್ಪ, ನಿನ್ನ ದಮ್ಮಯ್ಯ ಅಂತೀನಿ."

ಆಗ ನರ್ಸಮ್ಮ ಬಂದಳು. ತಂಗಿಯ ಗಾಡಿಯ ಪಕ್ಕದಲ್ಲೇ ತನ್ನ ಗಾಡಿ ನಿಲ್ಲಿಸಿಕೊಂಡು ಆರು ವರ್ಷ ಊರೂರು ತಿರುಗಿದವಳು. ಮೊನ್ನೆ ಬೆಳಿಗ್ಗೆ ಚಹಾ ಹಿಡಿದುಕೊಂಡು ಹೋಗಿ ಬಾಗಿಲು ಬಡಿದು, ಒಳಗೆ ತಣ್ಣಗಾಗಿದ್ದ ತಂಗಿಯನ್ನು ಮೊದಲು ಕಂಡವಳೂ ಅವಳೇ. ನಿದ್ದೆಯಲ್ಲೇ ಎದೆಬಡಿತ ನಿಂತಿತ್ತಂತೆ.

"ಮುದುಕಪ್ಪ, ಬಾ," ಎಂದಳು ನರ್ಸಮ್ಮ.

ನಾಯಿ ಮೆಲ್ಲಗೆ ಇಳಿದು ಅವಳ ಕಾಲಿನ ಪಕ್ಕಕ್ಕೆ ಹೋಗಿ ನಿಂತಿತು. ಅಕ್ಕನ ಕೈಯಲ್ಲಿ ಒಂದಿಷ್ಟು ಕೂದಲು ಉಳಿಯಿತು.

"ಅವನಿಗೆ ಎಳೆದ್ರೆ ಆಗಲ್ಲ ಅಕ್ಕಾ."

"ನಾನು ನಿಮಗೆ ಯಾವಾಗಿಂದ ಅಕ್ಕ ಆದೆ?"

ನರ್ಸಮ್ಮ ನಾಯಿಯ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿ ಅಕ್ಕನ ಕೈಗೆ ಕೊಟ್ಟಳು. ಕೊಟ್ಟದ್ದು ಇನ್ನೂ ಕೆಟ್ಟದಾಯಿತು. ಅಕ್ಕನಿಗೆ ಭಿಕ್ಷೆ ಹಾಕಿದ ಹಾಗಾಯಿತು.

*

ಆ ವ್ಯಾನು ಮೊದಲು ಅಕ್ಕನದೇ. ಈ ಮಾತನ್ನು ಈಗ ಯಾರೂ ನಂಬುವುದಿಲ್ಲ, ಅದೇ ಅವಳ ಸಂಕಟ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಾಗ, ಹೊಲಿದ ಪರದೆಗಳನ್ನು ಮನೆಮನೆಗೆ ತಲುಪಿಸಲು ಕೊಂಡದ್ದು. ಡ್ರೈವಿಂಗ್ ಕಲಿತದ್ದೂ ಅವಳೇ ಮೊದಲು. ತಂಗಿಗೆ ಗೇರು ಹಾಕುವುದನ್ನು ಕಲಿಸಿದವಳೂ ಅವಳೇ.

ರಜೆಯ ದಿನ ಅಕ್ಕ ತಂಗಿ ಅಂಗಡಿಯ ಹಿಂದೆ ನಿಂತ ವ್ಯಾನಿನಲ್ಲಿ ಕೂತು ಕಡಲೆ ತಿನ್ನುತ್ತಿದ್ದರು. "ಇಲ್ಲಿ ಒಂದು ಮಂಚ ಹಾಕಿಸೋಣ ಕಣೆ, ಇಲ್ಲಿ ಒಲೆ. ನೀನೂ ನಾನೂ ಹೊರಟುಬಿಡೋಣ," ಎಂದು ಅಕ್ಕನೇ ಅಳತೆಪಟ್ಟಿ ಹಿಡಿದು ಅಳೆಯುತ್ತಿದ್ದಳು. ತಂಗಿ ನಗುತ್ತಿದ್ದಳು. "ನನಗೆ ಭಯ ಕಣಕ್ಕಾ, ಕತ್ತಲಾದ್ರೆ ಮನೆ ಬೇಕು."

ಆಮೇಲೆ ಅಕ್ಕನಿಗೆ ಮದುವೆಯಾಯಿತು. ಗಂಡ ಬಸ್ ಕಂಡಕ್ಟರ್, ಒಳ್ಳೆಯವನು, ಮಾತನ್ನೂ ಟಿಕೆಟ್ಟಿನ ಹಾಗೆ ಒಂದೊಂದೇ ಹರಿದು ಕೊಡುವವನು. ತಂಗಿ ಜೊತೆಯಲ್ಲೇ ಇದ್ದಳು. ಪೇಟೆಯ ಅಂಗಡಿಯೊಂದರಲ್ಲಿ ನಾಯಿ, ಬೆಕ್ಕುಗಳಿಗೆ ಕೂದಲು ಕತ್ತರಿಸುವುದನ್ನು, ಉಗುರು ತೆಗೆಯುವುದನ್ನು ಕಲಿತಳು. ಒಂದು ದಿನ ಊಟದ ಮಧ್ಯೆ ಕೇಳಿದಳು. "ಅಕ್ಕಾ, ಗಾಡಿ ಸುಮ್ನೆ ನಿಂತಿದೆಯಲ್ಲ. ನಾನು ಒಂದು ಸುತ್ತು ಹೋಗಿ ಬರಲಾ? ನೀನೂ ಬಾ."

ಅಕ್ಕನ ಮುಂದೆ ಒಂದು ರಾಶಿ ಬಟ್ಟೆ ಇತ್ತು. "ಹೋಗಮ್ಮ, ಕತ್ತಲಾದ ಕೂಡಲೇ ಓಡಿ ಬರ್ತೀಯ," ಎಂದಳು. ಇನ್ನೊಂದು ಸಲ ಕರೆಯಲಿ, ಆಗ ಎದ್ದರಾಯಿತು ಎಂದುಕೊಂಡಳು.

ತಂಗಿ ಇನ್ನೊಂದು ಸಲ ಕರೆಯಲಿಲ್ಲ. ಓಡಿಯೂ ಬರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದಳು. ಯಾರದೋ ಗೇಟಿನ ಮುಂದೆ ಗಾಡಿ ನಿಲ್ಲಿಸಿ ನಾಯಿಗೆ ಸ್ನಾನ ಮಾಡಿಸುವುದು, ಮುಂದಿನ ಊರಿಗೆ ಹೋಗುವುದು. ಯಾರೋ ಬಿಟ್ಟುಹೋದ ಕಿವಿಹರಿದ ನಾಯಿ ಮುದುಕಪ್ಪನಾಯಿತು. ಇಂಜಿನ್ನಿನ ಕೆಳಗೆ ಸಿಕ್ಕ ಬೂದು ಬೆಕ್ಕು ಮೇಡಮ್ಮು ಆಯಿತು. ಫೋನು ಬಂದರೆ ಅದೇ ಸಡಗರ.

"ಅಕ್ಕಾ, ಇವತ್ತು ಸಮುದ್ರದ ಮುಂದೆ ಕೂತು ಹಲ್ಲುಜ್ಜಿದೆ."

"ಇಲ್ಲೂ ನಲ್ಲೀಲಿ ನೀರು ಬರುತ್ತೆ ಕಣೆ," ಎನ್ನುತ್ತಿದ್ದಳು ಅಕ್ಕ. ಫೋನಿಟ್ಟ ಮೇಲೆ ಹೊಲಿಗೆ ಯಂತ್ರವನ್ನು ಎಷ್ಟು ಜೋರಾಗಿ ತುಳಿಯುತ್ತಿದ್ದಳೆಂದರೆ ದಾರ ಕಿತ್ತುಹೋಗುತ್ತಿತ್ತು.

*

ಸ್ಮಶಾನದಲ್ಲಿ ಅಕ್ಕ ನೋಡಿಯೇ ಇರದ ಜನ ಸೇರಿದ್ದರು. ಅರ್ಧಕ್ಕರ್ಧ ಜನರ ಕೈಯಲ್ಲಿ ನಾಯಿ. ಗಿಡ್ಡವು, ಜಡೆಯವು, ಸ್ವೆಟರ್ ಹಾಕಿಕೊಂಡದ್ದೊಂದು. ಇವಕ್ಕೆಲ್ಲ ಕೂದಲು ಕತ್ತರಿಸಿದವಳು ಅಕ್ಕನ ತಲೆಗೆ ಒಂದು ದಿನವೂ ಎಣ್ಣೆ ಹಚ್ಚಿದವಳಲ್ಲ.

"ನಮ್ಮ ಮನೆ ಮಗಳ ಹಾಗೇ ಇದ್ರು," ಎಂದ ಮೆಕ್ಯಾನಿಕ್, ತಂಗಿಯ ವ್ಯಾನನ್ನು ಅಕ್ಕನ ಮನೆಯವರೆಗೆ ಓಡಿಸಿಕೊಂಡು ಬಂದವನು. "ಗಾಡಿ ಕೆಟ್ಟಾಗೆಲ್ಲ ನನ್ನ ಶೆಡ್ಡಲ್ಲೇ ವಾರಗಟ್ಟಲೆ. ನನ್ನ ಮಕ್ಕಳಿಗೆ ಅವರೇ ಚಿಕ್ಕಮ್ಮ."

"ಓಹೋ," ಎಂದಳು ಅಕ್ಕ. ಅವಳ ಮಗಳಿಗೆ ಇದ್ದವಳು ಅದೊಬ್ಬಳೇ ಚಿಕ್ಕಮ್ಮ. ಆ ಮಗಳ ಮದುವೆಗೆ ಬಂದವಳು ಉಂಡು ಕೈ ತೊಳೆದು ಸೀದಾ ಅಂಗಳದಲ್ಲಿ ನಿಂತ ಗಾಡಿಗೆ ಹೋಗಿ ಮಲಗಿದ್ದಳು. ಪ್ರತಿ ಸಲವೂ ಹಾಗೆಯೇ. ಹಾಸಿ ಬಿಟ್ಟ ಹಾಸಿಗೆ ಹಾಸಿದ ಹಾಗೇ ಇರುತ್ತಿತ್ತು. ಅಕ್ಕನ ಮನೆ ಅವಳಿಗೆ ಸಾಲದು.

ಮಣ್ಣು ಹಾಕುವ ಹೊತ್ತು ಬಂತು. ಮೆಕ್ಯಾನಿಕ್ ಯಾವ ಯೋಚನೆಯೂ ಇಲ್ಲದೆ ಸಲಿಕೆಯನ್ನು ನರ್ಸಮ್ಮನ ಕಡೆ ಚಾಚಿದ. ಅವಳು ಹಿಡಿದೂಬಿಟ್ಟಳು. ಅಕ್ಕ ನಾಯಿಯ ಹಗ್ಗವನ್ನು ಗಂಡನ ಕೈಗೆ ತುರುಕಿ, ನಾಲ್ಕು ಹೆಜ್ಜೆ ಹಾಕಿ ಸಲಿಕೆಯನ್ನು ಕಿತ್ತುಕೊಂಡಳು.

"ಮೊದಲು ನಾನು."

ಅಕ್ಕ ಒಂದು ಸಲ ಹಾಕಿದಳು, ಇನ್ನೊಂದು ಸಲ ಹಾಕಿದಳು, ಸಲಿಕೆ ಬಿಡಲೇ ಇಲ್ಲ. ಕೊನೆಗೆ ಗಂಡ ಬಂದು ಮೊಣಕೈ ಹಿಡಿದ. "ಸಾಕು ಬಾರೆ. ಬೇರೆಯವರೂ ಇದಾರೆ."

"ಇದಾರಲ್ಲ, ಅದೇ," ಎಂದಳು.

*

ಮನೆಗೆ ಬಂದ ಮೇಲೆ ಮಾತು ಎದ್ದಿತು. ಮೆಕ್ಯಾನಿಕ್ ಚಹಾ ಕುಡಿದು ಹೊರಟಿದ್ದ. ಅಂಗಳದಲ್ಲಿ ಎರಡು ವ್ಯಾನು, ತಂಗಿಯದು ಮನೆಗೆ ಹತ್ತಿರ, ನರ್ಸಮ್ಮನದು ಆಚೆ.

"ಮುದುಕಪ್ಪನ್ನೂ ಮೇಡಮ್ಮನ್ನೂ ನಾನು ಕರ್ಕೊಂಡು ಹೋಗ್ತೀನಿ," ಎಂದಳು ನರ್ಸಮ್ಮ. "ನಮ್ಮಿಬ್ಬರಲ್ಲಿ ಹಾಗೆ ಮಾತಾಗಿತ್ತು."

"ನಿಮ್ಮಿಬ್ಬರ ಮಾತು ನಿಮ್ಮಿಬ್ಬರದು. ಅವು ನಮ್ಮ ಮನೆಯವು. ಗಾಡಿ ನನ್ನದು, ಅವಳು ನನ್ನವಳು. ಅವಳದು ಅಂತ ಏನಿದೆಯೋ ಎಲ್ಲಾ ಇಲ್ಲೇ ಇರುತ್ತೆ."

"ಅವಕ್ಕೆ ಮನೆ ಗೊತ್ತಿಲ್ಲ. ಗಾಡಿ ಬಿಟ್ಟು ಬೇರೆ ಎಲ್ಲೂ ಮಲಗಲ್ಲ."

"ಕಲೀತಾವೆ."

ಆದರೆ ನಾಯಿ ಹೊಸ್ತಿಲು ದಾಟಲಿಲ್ಲ. ಬೆಕ್ಕು ಗಾಡಿಯ ಮಂಚದ ಕೆಳಗೆ ಸೇರಿಕೊಂಡು, ಹಾಲಿನ ಬಟ್ಟಲು ಇಟ್ಟರೂ, ಕೋಲು ಆಡಿಸಿದರೂ ಬರಲಿಲ್ಲ. ಅಕ್ಕ ಮಂಡಿಯೂರಿ ಬಗ್ಗಿ, ಹೇಳಬಾರದ್ದನ್ನೆಲ್ಲ ಬೆಕ್ಕಿಗೆ ಹೇಳಿದಳು. ನರ್ಸಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿಮಗೆ ಒಂದು ಹೇಳ್ಲಾ?" ಎಂದಳು. "ನಿಮ್ಮನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ. ನೋಡದೇ ಇದ್ರೂ."

ಅಕ್ಕ ತಲೆ ಎತ್ತಿದಳು.

"ಆರು ವರ್ಷ. ನಾನು ಅಡುಗೆ ಮಾಡಿದ್ರೆ 'ನಮ್ಮಕ್ಕ ಹೀಗೆ ಮಾಡ್ತಿರಲಿಲ್ಲ' ಅನ್ನೋಳು. ಗುಂಡಿ ಹಾಕಿಕೊಟ್ರೆ 'ನಮ್ಮಕ್ಕ ಹಾಕಿದ್ರೆ ಬಟ್ಟೆ ಹರಿದ್ರೂ ಗುಂಡಿ ಬೀಳಲ್ಲ' ಅನ್ನೋಳು. ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ನಾನು, ಅವಳು ಕನವರಿಸಿದ್ದು ನಿಮ್ಮನ್ನ. ಹೊಟ್ಟೆ ಉರಿದುಹೋಗ್ತಿತ್ತು ನನಗೆ. ಇವತ್ತು ಸಲಿಕೆಯಾದ್ರೂ ನನಗೆ ಸಿಗುತ್ತೆ ಅಂದ್ಕೊಂಡೆ."

ಅಕ್ಕ ಮಂಡಿಯೂರಿಕೊಂಡೇ ಇದ್ದಳು. ಖುಷಿಯಾಯಿತು ಅವಳಿಗೆ, ನಾಚಿಕೆಯಿಲ್ಲದೆ ಖುಷಿಯಾಯಿತು. ಅದರ ಹಿಂದೆಯೇ ಕೋಪ ಬಂತು. ಇದನ್ನು ಒಂದು ಸಲ ಫೋನಿನಲ್ಲಿ ಹೇಳಲು ಆ ಹಾಳಾದವಳಿಗೆ ಏನಾಗಿತ್ತು.

"ಮತ್ಯಾಕೆ ಒಂದು ರಾತ್ರಿನೂ ನನ್ನ ಮನೇಲಿ ಮಲಗಲಿಲ್ಲ ಅವಳು?"

"ಅದು ನನಗೂ ಹೇಳಲಿಲ್ಲ," ಎಂದಳು ನರ್ಸಮ್ಮ.

ಅಕ್ಕ ಎದ್ದು ಮಂಡಿ ಕೊಡವಿಕೊಂಡಳು. "ಅವು ಬರಲ್ಲ ಅಂದ್ರೆ ನಾನೇ ಇಲ್ಲಿ ಮಲಗ್ತೀನಿ. ಎಷ್ಟು ದಿನ ಬೇಕೋ ಅಷ್ಟು ದಿನ."

"ಪಕ್ಕದ ಗಾಡೀಲಿ ಅವಳ ಹಾಸಿಗೆ ಮೇಲೆ ಇನ್ನೊಬ್ರು ಮಲಗಿದ್ರೆ ನನಗೆ ನಿದ್ದೆ ಬರಲ್ಲ. ನಾನು ಈಗಲೇ ಹೊರಡ್ತೀನಿ."

ಅಂಗಳದಲ್ಲಿ ನಿಂತಿದ್ದ ಗಂಡ ಮುಂದೆ ಬಂದ. "ಎರಡು ದಿನದಿಂದ ಕಣ್ಣು ಮುಚ್ಚಿಲ್ಲ ನೀವು. ಈ ಸ್ಥಿತೀಲಿ ಸ್ಟೀರಿಂಗ್ ಹಿಡೀಬೇಡಿ. ಒಳಗೆ ಹಾಸಿಗೆ ಹಾಸಿದೆ, ಹೇಗೂ ಖಾಲಿ."

ನರ್ಸಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ನಾಯಿಯ ಮುಖ ನೋಡಿದಳು. "ಹೋಗಿ ಮಲಗಿ," ಎಂದಳು.

*

ಕತ್ತಲಾಗುತ್ತಿತ್ತು. ಅಕ್ಕ ತಾನು ಎಂದೋ ಅಳೆದಿದ್ದ ಜಾಗದಲ್ಲೇ ಇದ್ದ ಮಂಚದ ಮೇಲೆ ಕೂತಳು. ಅಂತೂ ಗಾಡಿ ಅವಳದಾಗಿತ್ತು, ನಾಯಿಯೂ ಬೆಕ್ಕೂ ಅವಳವಾಗಿದ್ದವು. ಬೆಕ್ಕು ಹೊರಬಂದು ಅವಳ ಸೆರಗಿನ ತುದಿಯನ್ನು ಮೂಸಿ, ಆಗಬಹುದು ಎನ್ನುವ ಹಾಗೆ ಕಾಲ ಬಳಿ ಕೂತಿತು. ಎಷ್ಟೋ ವರ್ಷ ಹಂಬಲಿಸಿದ್ದು ಕೈಕಾಲು ಚಾಚಿದರೆ ಮುಗಿಯುವಷ್ಟು ಜಾಗ. ಇಷ್ಟೇನಾ ಎಂದುಕೊಂಡಳು.

ಎದುರಿಗೆ ಅಡುಗೆಮನೆಯ ದೀಪ ಹೊತ್ತಿಕೊಂಡಿತು. ಹೊರಗಿನಿಂದ ಅವಳು ಅದನ್ನು ಎಂದೂ ನೋಡಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳು ಯಾವಾಗಲೂ ಒಳಗೇ. ಕಿಟಕಿಯಲ್ಲಿ ಹೆಂಗಸೊಬ್ಬಳು ಲೋಟ ತೊಳೆಯುತ್ತಿದ್ದಳು. ಗಂಡಸೊಬ್ಬ ಅವನ್ನು ಒಂದೊಂದೇ ಒರೆಸಿ, ಯಾವುದು ಎಲ್ಲಿ ಎಂದು ಬೆರಳು ತೋರಿಸುತ್ತಿದ್ದ. ಅವನು ಏನೋ ಅಂದ. ಹೆಂಗಸು ಅಳುಮುಖದಲ್ಲೇ ನಕ್ಕಳು. ಒಲೆಯ ಮೇಲೆ ಏನೋ ಕುದಿದು ಗಾಜಿನ ಮೇಲೆ ಹಬೆ ಕಟ್ಟುತ್ತಿತ್ತು. ಅವರು ನರ್ಸಮ್ಮ ಮತ್ತು ತನ್ನ ಗಂಡ ಎಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಕಿಟಕಿಯೊಳಗಿನ ಹೆಂಗಸು ಎಂಥ ಪುಣ್ಯವಂತೆ ಎಂದು ಅವಳಿಗೆ ಅಸೂಯೆಯಾಯಿತು.

ಮುದುಕಪ್ಪ ಎದ್ದು ಮಂಚ ಹತ್ತಿತು. ಯಾರೂ ಹೇಳದಿದ್ದರೂ, ಗಾಡಿ ಈ ಅಂಗಳದಲ್ಲಿ ನಿಂತಾಗಲೆಲ್ಲ ಮಾಡುತ್ತಿದ್ದ ಕೆಲಸದ ಹಾಗೆ, ಅಡುಗೆಮನೆಯ ಕಡೆಗಿದ್ದ ಗಾಜಿನ ಅಂಚಿಗೆ ಗದ್ದ ಊರಿತು. ಆಮೇಲೆ ಇನ್ನೊಬ್ಬರು ಕೂತು ಆ ಕಿಟಕಿ ನೋಡುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ಸರಿಯಿತು.